ಊರು ಬಿಟ್ಟವರ ಕಾಯಿಲೆ



ನಿಮ್ಮಲ್ಲಿ ಅನೇಕರು ಓದು ಮುಗಿಸಿ ಬೆಂಗಳೂರಿಗೆ ಹೊರಡುವವರು. ಕೆಲವರು ಮುಂದೆ ಕೊಲ್ಲಿ ದೇಶಗಳಿಗೂ ಹೋಗಬಹುದು. ಹೊರಡುವಾಗ ಸರ್ಟಿಫಿಕೇಟು, ಬಟ್ಟೆ, ಉಪ್ಪಿನಕಾಯಿ ಎಲ್ಲ ಕಟ್ಟಿಕೊಳ್ಳುತ್ತೇವೆ. ಕಾಯಿಲೆ ಬಿದ್ದರೆ ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾರೂ ಕೇಳಿಕೊಂಡು ಹೋಗುವುದಿಲ್ಲ. ನಾನೂ ಕೇಳಿರಲಿಲ್ಲ.

2012ರಲ್ಲಿ ನಾನು ಮಾರತ್ತಹಳ್ಳಿ ಸೇತುವೆಯ ಹತ್ತಿರ ಒಂದು ಪಿ.ಜಿ.ಯಲ್ಲಿದ್ದೆ. ಒಂದೇ ಕಿಟಕಿಯ ಕೋಣೆ, ನಾವು ನಾಲ್ವರು. ಬಾಡಿಗೆ, ಬಸ್ಸು, ಊರಿಗೆ ಕಳಿಸುವ ಹಣ ಕಳೆದರೆ ಸಂಬಳದಲ್ಲಿ ಉಳಿಯುತ್ತಿದ್ದುದು ಅಷ್ಟಕ್ಕಷ್ಟೆ. ಕೆಮ್ಮು ಶುರುವಾದಾಗ ಅಮ್ಮ ಫೋನಿನಲ್ಲಿ ಹೇಳಿದ ಶುಂಠಿ, ಜೇನು ತಿಂದೆ. ಆಮೇಲೆ ಮೆಡಿಕಲ್ ಶಾಪಿನ ಸಿರಪ್ಪು. ಅದಾದ ಮೇಲೆ ರಸ್ತೆ ಬದಿಯಲ್ಲಿ ಮಾರುತ್ತಿದ್ದ, ಹೆಸರೇ ಇಲ್ಲದ ಪುಡಿಯ ಪೊಟ್ಟಣ. ಹೀಗೇ ಎರಡು ತಿಂಗಳು ಕಳೆಯಿತು. ಪ್ಯಾಂಟು ಸಡಿಲವಾಯಿತು, ರಾತ್ರಿ ಮೈ ಬೆವರತೊಡಗಿತು.

ಕೊನೆಗೆ ಕಡಿಮೆ ಫೀಸಿನ ಯುನಾನಿ ಹಕೀಮರೊಬ್ಬರ ಬಳಿ ಹೋದೆ. ನಾಡಿ ನೋಡಿದರು, ಎಷ್ಟು ದಿನದಿಂದ ಎಂದು ಕೇಳಿದರು. ಔಷಧ ಬರೆಯಲಿಲ್ಲ. “ಬೇಟಾ, ನಾಳೆ ಬೆಳಿಗ್ಗೆಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸು” ಎಂದರು.

ಕ್ಷಯರೋಗ! ಆರು ತಿಂಗಳು ಮಾತ್ರೆ ಉಚಿತವಾಗಿ ಸಿಕ್ಕಿತು, ನಾನು ಗುಣವಾದೆ. ಆದರೆ ಕೋಣೆಯವರನ್ನು ಪರೀಕ್ಷಿಸಿದಾಗ ಒಬ್ಬನಿಗೂ ಅದೇ ರೋಗವಿತ್ತು. ಮನೆಯ ಹಿರಿಮಗ ಅವನು. ಕೆಲಸ ಬಿಟ್ಟು ಊರಿಗೆ ಹೋದ. ನನಗೆ ಒಂದು ಮಾತೂ ಅನ್ನಲಿಲ್ಲ. ನಾನು ಉಳಿಸಿದ ನಾಲ್ಕು ಕಾಸಿಗೆ ಬೆಲೆ ತೆತ್ತವನು ಅವನು.

ಹಾಗಾದರೆ ದೇಶೀ ಔಷಧಿಯೇ ಕೆಟ್ಟದ್ದೇ? ಖಂಡಿತ ಅಲ್ಲ. ದೆಹಲಿಯ ತಿಬ್ಬಿಯಾ ಕಾಲೇಜನ್ನು ಕಟ್ಟಿದ ಹಕೀಮ್ ಅಜ್ಮಲ್ ಖಾನರು ಹಳೆಯ ವೈದ್ಯವನ್ನು ಹೊಸ ವಿಜ್ಞಾನದಿಂದ ಪರೀಕ್ಷಿಸಬೇಕೆಂದು ಬಯಸಿದವರು. 1931ರಲ್ಲಿ ಸಲೀಮುಝ್ಝಮಾನ್ ಸಿದ್ದೀಖಿ ಎಂಬ ರಸಾಯನ ವಿಜ್ಞಾನಿ ಸರ್ಪಗಂಧದ ಬೇರಿನಿಂದ ಬೇರ್ಪಡಿಸಿದ ವಸ್ತುವಿಗೆ ಅವರ ನೆನಪಿನಲ್ಲಿ ‘ಅಜ್ಮಲಿನ್’ ಎಂದು ಹೆಸರಿಟ್ಟರು. ಅದು ಹೃದಯ ಬಡಿತದ ತೊಂದರೆಗೆ ಔಷಧವಾಯಿತು. ಇನ್ನೊಂದು ಮುಖವೂ ಇದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಬೋಸ್ಟನ್ ಸುತ್ತಮುತ್ತ ಮಾರಾಟಕ್ಕಿದ್ದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂತು. ಆದ್ದರಿಂದ ಲೇಬಲ್ ಇಲ್ಲದ ಪುಡಿಯನ್ನು ಯಾರೇ ಕೊಟ್ಟರೂ ಬಾಯಿಗೆ ಹಾಕಬೇಡಿ.

ಮಿತ್ರರೇ, ನಾಲ್ಕು ವಿಷಯ ನೆನಪಿಡಿ.

ಒಂದು, ಎರಡು ವಾರ ಮೀರಿದ ಕೆಮ್ಮಿಗೆ ಮನೆಮದ್ದು ಸಾಕು ಎನ್ನಬೇಡಿ. ಕ್ಷಯದ ಪರೀಕ್ಷೆಯೂ ಔಷಧವೂ ಸರ್ಕಾರದಿಂದ ಉಚಿತ. ರೋಗಿಯ ಪೌಷ್ಟಿಕ ಆಹಾರಕ್ಕೆ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರಿನಿಂದ ಅದು 1,000 ಆಗಿದೆ.

ಎರಡು, ಸ್ಥಳ ತಿಳಿದಿರಲಿ. ಮಾರತ್ತಹಳ್ಳಿ ಕಡೆಯವರಿಗೆ ಸರ್ ಸಿ.ವಿ. ರಾಮನ್ ಸರ್ಕಾರಿ ಜನರಲ್ ಆಸ್ಪತ್ರೆ ಇದೆ. ವೈಟ್‌ಫೀಲ್ಡಿನಲ್ಲಿ 2001ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆ ಹೃದಯ, ಮೆದುಳಿನ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತದೆ. ಯುನಾನಿ ಬೇಕೆಂದರೆ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ, 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಿದೆ. ಡಾಕ್ಟರು ಬರೆದ ಮಾತ್ರೆ ದುಬಾರಿ ಎನಿಸಿದರೆ ಜನೌಷಧಿ ಮಳಿಗೆಯಲ್ಲಿ ವಿಚಾರಿಸಿ.

ಮೂರು, ಹಕೀಮರ ಔಷಧ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಡಾಕ್ಟರ ಮಾತ್ರೆಯ ವಿಷಯ ಹಕೀಮರಿಗೆ ಹೇಳಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ನಾಲ್ಕು, ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಗೆ ಪಡಿತರ ಚೀಟಿ ಬೇಕು. ಅದು ಊರಲ್ಲಿ ಅಮ್ಮನ ಟ್ರಂಕಿನಲ್ಲಿದ್ದರೆ ನಿಮಗೆ ಪ್ರಯೋಜನವಿಲ್ಲ; ನಕಲು ಪ್ರತಿ ಜೊತೆಗಿರಲಿ. ಸಂಬಳದಲ್ಲಿ ಇ.ಎಸ್.ಐ. ಹಣ ಕಡಿತವಾಗುತ್ತಿದ್ದರೆ ಆ ಕಾರ್ಡನ್ನು ಕೇಳಿ ಪಡೆಯಿರಿ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಬೆಂಗಳೂರಿಗೆ ಹೊರಟ ಪ್ರತಿ ಹುಡುಗ, ಹುಡುಗಿಯ ಕೈಗೆ ಅಲ್ಲಿರುವ ನಮ್ಮ ಸದಸ್ಯರೊಬ್ಬರ ಫೋನ್ ನಂಬರ್ ಕೊಡಿ. “ಈ ಕೆಮ್ಮು ಎಷ್ಟು ದಿನದಿಂದ?” ಎಂದು ಕೇಳುವವರು ಒಬ್ಬರಿದ್ದಿದ್ದರೆ ನನ್ನ ಗೆಳೆಯ ಅಂದು ಊರಿನ ಬಸ್ಸು ಹತ್ತುತ್ತಿರಲಿಲ್ಲ.