ನೆಲದಡಿಯ ಗಣಿ: ಮೇಲಿನ ಕಾಡು ಉಳಿದರೆ ಸಾಕೆ?



ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ ಕುದುರೆಮುಖದ ಗಣಿಗಾರಿಕೆ 2005ರ ಡಿಸೆಂಬರ್ 31ರಂದು ನಿಂತಿತು. ಅದು ತೆರೆದ ಗಣಿ. ಬೆಟ್ಟವನ್ನೇ ಕಡಿದುದರಿಂದ ಮಳೆಗಾಲದಲ್ಲಿ ಹೂಳು ಭದ್ರೆಗೆ ಇಳಿಯಿತು; ಅದಿರು ಬೇರ್ಪಡಿಸಿ ಉಳಿದ ಕೆಸರು ಲಖ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ಇದೆ. ಹಾಗಾದರೆ ಸುರಂಗ ತೋಡಿ ಅದಿರು ತೆಗೆದರೆ ಕಾಡಿಗೆ ಹಾನಿಯಿಲ್ಲವಷ್ಟೆ ಎಂಬ ಪ್ರಶ್ನೆ ಸಹಜ. ಉತ್ತರ ಕೋಲಾರದಲ್ಲಿದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೊಂಡ ಅಲ್ಲಿನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಷ್ಟರಲ್ಲಿ ಅದರ ಆಳ ಮೂರು ಕಿಲೋಮೀಟರಿಗೂ ಮಿಗಿಲಾಗಿತ್ತು. ಒಳಗೆ ಟೊಳ್ಳಾದಷ್ಟೂ ಮೇಲಿನ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬೀಳುತ್ತದೆ. ತಾಳಲಾರದ ಬಂಡೆ ಹಠಾತ್ತನೆ ಸಿಡಿಯುತ್ತದೆ. ಇಂತಹ ಸಿಡಿತಗಳು ಕಾರ್ಮಿಕರ ಪ್ರಾಣ ತೆಗೆದವು, ಮೇಲಿನ ಕಟ್ಟಡಗಳನ್ನೂ ಬಿರುಕುಗೊಳಿಸಿದವು. ಟೊಳ್ಳಿಗೆ ಕಲ್ಲಿನ ಗೋಡೆಯ ಆಸರೆ ಕೊಡಲಾಯಿತು, ಅನಂತರ ಕಾಂಕ್ರೀಟು ಬಂದಿತು. ಬಂಡೆಯ ಒತ್ತಡವನ್ನು ಅರಿಯುವ ವಿಜ್ಞಾನ ಅಲ್ಲಿಯೇ ಬೆಳೆದು, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಆದರೂ ಸೈನೈಡ್ ದಿಬ್ಬಗಳು ನೆಲದ ಮೇಲೆಯೇ ಉಳಿದು, ಗಾಳಿಗೆ ಧೂಳೆಬ್ಬಿಸುತ್ತಿವೆ.

ಈ ಎರಡು ಕೇಡುಗಳಿಗೂ ಒಂದೇ ಪರಿಹಾರದ ದಾರಿಯಿದೆ: ತೆಗೆದುದನ್ನು ಹಿಂದಕ್ಕೆ ತುಂಬುವುದು. ಅರೆದುಳಿದ ಮರಳನ್ನು ನೀರಿನೊಡನೆ ಕೊಳವೆಯಲ್ಲಿ ಇಳಿಸುತ್ತಾರೆ; ಅಥವಾ ಸಿಮೆಂಟು ಬೆರೆಸಿದ ಗಟ್ಟಿ ಕೆಸರಾಗಿ ತುಂಬುತ್ತಾರೆ. ಬಂಡೆಗೆ ಆಧಾರವೂ ದೊರೆಯುತ್ತದೆ, ಮೇಲಿನ ದಿಬ್ಬವೂ ಕುಗ್ಗುತ್ತದೆ. ಪುಡಿಯಾದ ಕಲ್ಲು ಹೆಚ್ಚು ಜಾಗ ಬೇಡುವುದರಿಂದ ಎಲ್ಲವೂ ಹಿಂದಿರುಗದು. ತುಂಬದೆ ಕುಸಿಯಲು ಬಿಟ್ಟರೇನಾಗುತ್ತದೆಂಬುದಕ್ಕೆ ಸ್ವೀಡನ್ನಿನ ಕಿರುನಾ ಸಾಕ್ಷಿ. ಅಲ್ಲಿನ ಕಬ್ಬಿಣದ ಗಣಿಯಿಂದ ನೆಲ ಕುಸಿಯುತ್ತಿರುವ ಕಾರಣ ಊರನ್ನೇ ಸ್ಥಳಾಂತರಿಸಲಾಗುತ್ತಿದೆ; 2025ರ ಆಗಸ್ಟಿನಲ್ಲಿ ಅದರ ಹಳೆಯ ಚರ್ಚನ್ನು ಇಡಿಯಾಗಿ ಐದು ಕಿಲೋಮೀಟರ್ ದೂರಕ್ಕೆ ಸಾಗಿಸಲಾಯಿತು.

ನೀರಿನ ವಿಷಯವನ್ನು ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಒಬ್ಬನೇ ನುಸುಳಬಲ್ಲ ಸುರಂಗಬಾವಿ ಗುಡ್ಡದ ಒರತೆಯನ್ನು ಹೊರಗೆ ಹರಿಸಿ ತೋಟಕ್ಕುಣಿಸುತ್ತದೆ. ಹಗಲಿರುಳು ಪಂಪಿನಿಂದ ನೀರೆತ್ತುವ ಗಣಿ ಅದೇ ಒರತೆಯನ್ನು ಬತ್ತಿಸಬಲ್ಲದು. ಗಂಧಕವಿರುವ ಅದಿರಿಗೆ ಗಾಳಿ, ನೀರು ಸೋಕಿದರೆ ಹೊರಬರುವ ನೀರು ಆಮ್ಲವಾಗುತ್ತದೆ. ಗಣಿ ಮುಚ್ಚಿದರೂ ಅದು ನಿಲ್ಲದು.

ಆದುದರಿಂದ ಅಂತಹ ಪ್ರಸ್ತಾಪ ಬಂದಲ್ಲಿ ಗ್ರಾಮಸಭೆ ಕೇಳಬೇಕಾದುವು ಮೂರು: ಟೊಳ್ಳನ್ನು ಯಾವುದರಿಂದ, ಎಂದು ತುಂಬಲಾಗುವುದು? ಮೇಲುಳಿಯುವ ಕೆಸರು ಆಟಿಯ ಮಳೆಯಲ್ಲಿ ಎಲ್ಲಿರುವುದು? ಒರತೆ ಬತ್ತಿದರೆ, ಗಣಿ ಮುಚ್ಚಿದ ಮೇಲೂ, ಹೊಣೆ ಯಾರದು? ಲಿಖಿತ ಉತ್ತರ ದೊರೆಯುವ ತನಕ ಮೇಲಿನ ಹಸಿರನ್ನಷ್ಟೇ ನಂಬಿ ಸಮ್ಮತಿಸಲಾಗದು.