ಒಡೆಯರ ಉಪ್ಪು, ಓದುಗರ ಋಣ



ಹೊಸ ಫೋನನ್ನೋ ಟೆಲಿವಿಷನ್ನನ್ನೋ ಕೊಳ್ಳುವ ಮುನ್ನ ನಾವೆಲ್ಲರೂ ಬಲ್ಲವರು ಬರೆದುದನ್ನು ಓದುತ್ತೇವೆ. ಯಂತ್ರದ ಒಳಗನ್ನು ಪರೀಕ್ಷಿಸಲು ನಮಗೆ ಬಾರದು. ಅವರ ಮಾತೇ ನಮಗೆ ಆಧಾರ. ಆ ಮಾತು ಯಾರ ಹಂಗಿನದೆಂದು ವಿಚಾರಿಸಬೇಡವೆ?

ಒಂದು ನಿದರ್ಶನ. 2013ರ ಜನವರಿಯಲ್ಲಿ ಅಮೆರಿಕದ ಲಾಸ್ ವೇಗಾಸ್ ನಗರದಲ್ಲಿ ವಿದ್ಯುನ್ಮಾನ ವಸ್ತುಗಳ ಪ್ರದರ್ಶನ ನಡೆಯಿತು. ಅಲ್ಲಿ ಶ್ರೇಷ್ಠವಾದುದನ್ನು ಆರಿಸುವ ಹೊಣೆ ಸಿನೆಟ್ ಎಂಬ ಜಾಲಪತ್ರಿಕೆಯದು. ಅದರ ಸಂಪಾದಕರು ಡಿಷ್ ಕಂಪನಿಯ 'ಹಾಪರ್' ಟೆಲಿವಿಷನ್ ಪೆಟ್ಟಿಗೆಗೆ ಮತವಿತ್ತರು. ಆದರೆ ಪತ್ರಿಕೆಯ ಒಡೆತನ ಆಗ ಸಿಬಿಎಸ್ ಟೆಲಿವಿಷನ್ ಸಂಸ್ಥೆಯದಾಗಿತ್ತು. ಜಾಹೀರಾತುಗಳನ್ನು ದಾಟಿಸಿಬಿಡುವ ಹಾಪರಿನ ಸೌಕರ್ಯದ ಬಗ್ಗೆ ಆ ಸಂಸ್ಥೆಗೂ ಡಿಷ್‌ಗೂ ವ್ಯಾಜ್ಯ ನಡೆದಿತ್ತು. ಬಹುಮಾನ ಕೊಡಕೂಡದೆಂದು ಒಡೆಯರ ಅಪ್ಪಣೆಯಾಯಿತು. ವ್ಯಾಜ್ಯದ ಕಾರಣ ಹಾಪರನ್ನು ಕೈಬಿಟ್ಟಿದೆಯೆಂದು ಪತ್ರಿಕೆ ತಿಳಿಸಿತೇ ಹೊರತು, ಗೆದ್ದದ್ದು ಅದೇ ಎಂಬುದನ್ನು ಮೊದಲು ಹೇಳಲಿಲ್ಲ. ಗ್ರೆಗ್ ಸ್ಯಾಂಡೊವಲ್ ಎಂಬ ವರದಿಗಾರರು ರಾಜೀನಾಮೆ ಕೊಟ್ಟರು. ತಿಂಗಳು ಮುಗಿಯುವುದರೊಳಗೆ ಪ್ರದರ್ಶನದವರು ಹಾಪರಿಗೂ ಬಹುಮಾನವಿತ್ತು, ಸಿನೆಟ್ಟಿನೊಡನೆ ಇದ್ದ ಏರ್ಪಾಟನ್ನು ಕೊನೆಗೊಳಿಸಿದರು.

ಅನ್ಯರನ್ನು ದೂರುವುದು ಸುಲಭ. ಇಂತಹ ಸ್ಮರಣ ಸಂಚಿಕೆಗಳೂ ಜಾಹೀರಾತಿನ ನೆರವಿನಿಂದಲೇ ಅಚ್ಚಾಗುತ್ತವೆ. ಜಾಹೀರಾತು ಪಾಪವಲ್ಲ, ಅದು ಲೇಖನದ ವೇಷ ತೊಟ್ಟರೆ ಮೋಸ. ಕನ್ನಡದಲ್ಲಿ ಯಂತ್ರಗಳ ವಿಷಯ ಬರೆಯುವ ತರುಣರಲ್ಲಿ ನಮ್ಮ ಅರಿಕೆ ಇಷ್ಟೆ: ಪರೀಕ್ಷೆಗೆ ವಸ್ತುವನ್ನು ಕಂಪನಿಯೇ ಕೊಟ್ಟಿದ್ದರೆ ಹಾಗೆಂದು ಬರೆಯಿರಿ, ಪತ್ರಿಕೆಯ ಒಡೆಯರಿಗೆ ಅದರಲ್ಲಿ ಲಾಭನಷ್ಟವಿದ್ದರೆ ಅದನ್ನೂ ತಿಳಿಸಿರಿ. ಸಂಬಳ ಕೊಡುವವರು ಒಡೆಯರು. ನಿಮ್ಮ ಮಾತು ನಂಬಿ ದುಡ್ಡು ತೆರುವವರು ಓದುಗರು. ಈ ಎರಡನೆಯ ಋಣವೇ ದೊಡ್ಡದೆಂದು ನಾವು ನಂಬಿದ್ದೇವೆ.