ಹದಿನೈದು ವರ್ಷ ಕಾದ ತಾಯಿ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನಿಮಗೆ ಬೋಸ್ನಿಯಾ ದೇಶದ ಒಬ್ಬ ತಾಯಿಯ ಬಗ್ಗೆ ಹೇಳಬೇಕೆಂದಿದ್ದೇನೆ. ಅವರ ಹೆಸರು ಹತೀಜಾ ಮೆಹ್ಮೆದೊವಿಚ್. ಊರು ಸ್ರೆಬ್ರೆನಿತ್ಸಾ, ಬೆಟ್ಟಗಳ ನಡುವಿನ ಸಣ್ಣ ಪಟ್ಟಣ.

ನಾನು ಒಂದೇ ಕರಿಹಲಗೆಯ ಮೇಲೆ ಉರ್ದುವನ್ನೂ ಕನ್ನಡವನ್ನೂ ಬರೆಯುವ ಶಿಕ್ಷಕ. ಆ ನಾಡಿನ ಶಾಲೆಗಳಲ್ಲೂ ಮಕ್ಕಳು ಎರಡು ಲಿಪಿಗಳನ್ನು ಕಲಿಯುತ್ತಿದ್ದರು. ಬೋಸ್ನಿಯಾದ ಮುಸ್ಲಿಮರು, ಸರ್ಬರು ಆಡುತ್ತಿದ್ದ ಮಾತು ಹೆಚ್ಚುಕಡಿಮೆ ಒಂದೇ. ಹಾಗಿದ್ದೂ 1992ರಲ್ಲಿ ಯುದ್ಧ ಶುರುವಾದಾಗ, ಹೆಸರು ಕೇಳಿಯೇ ಯಾರು ನಮ್ಮವರು, ಯಾರು ಪರರು ಎಂದು ವಿಂಗಡಿಸಲಾಯಿತು.

ಡ್ರಿನಾ ನದಿಯ ಆಸುಪಾಸಿನ ಹಳ್ಳಿಗಳಿಂದ ಓಡಿಬಂದವರು ಸ್ರೆಬ್ರೆನಿತ್ಸಾದಲ್ಲಿ ತುಂಬಿಕೊಂಡರು. 1993ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆ ಅದನ್ನು ಸುರಕ್ಷಿತ ಪ್ರದೇಶವೆಂದು ಘೋಷಿಸಿತು. ಆದರೆ 1995ರ ಜುಲೈ 11ರಂದು ರಾತ್ಕೊ ಮ್ಲಾದಿಚ್‌ನ ಸೇನೆ ಊರನ್ನು ವಶಪಡಿಸಿಕೊಂಡಿತು. ಕಾವಲಿಗಿದ್ದ ಡಚ್ ಶಾಂತಿಪಾಲಕರಿಂದ ಅದನ್ನು ತಡೆಯಲಾಗಲಿಲ್ಲ. ಹೆಂಗಸರು ಮಕ್ಕಳು ಪೊಟೊಚಾರಿಯ ಶಿಬಿರದತ್ತ ಓಡಿದರು. ಸಾವಿರಾರು ಗಂಡಸರು ಕಾಡಿನ ಹಾದಿಯಲ್ಲಿ ತುಜ್ಲಾ ಕಡೆಗೆ ನಡೆದರು. ಕೆಲವೇ ದಿನಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರನ್ನು ಕೊಲ್ಲಲಾಯಿತು. ಹತೀಜಾ ಅವರ ಪತಿ ಮತ್ತು ಹರೆಯದ ಇಬ್ಬರು ಗಂಡುಮಕ್ಕಳು ಅವರಲ್ಲಿ ಸೇರಿದ್ದರು.

ವಿದ್ಯಾರ್ಥಿಗಳೇ, ಸಾವಿನ ಸುದ್ದಿ ಬಂದರೆ ಜನಾಜಾ ಆಗುತ್ತದೆ, ನಾಲ್ಕು ಜನ ಬಂದು ಸಮಾಧಾನ ಹೇಳುತ್ತಾರೆ. ಈ ತಾಯಂದಿರಿಗೆ ಅದೂ ದಕ್ಕಲಿಲ್ಲ. ಕೊಂದವರು ಗುರುತು ಅಳಿಸಲು ಗೋರಿಗಳನ್ನು ಯಂತ್ರಗಳಿಂದ ಅಗೆದು, ಶವಗಳನ್ನು ಬೇರೆಡೆಗೆ ಸಾಗಿಸಿದ್ದರು. ಒಬ್ಬನದೇ ಮೂಳೆಗಳು ಎರಡು ಮೂರು ಕಡೆ ಸಿಕ್ಕವು. ಸಂಬಂಧಿಕರ ರಕ್ತದೊಂದಿಗೆ ಡಿಎನ್‌ಎ ಹೋಲಿಸಿ ಒಬ್ಬೊಬ್ಬರನ್ನೇ ಗುರುತಿಸಬೇಕಾಯಿತು. ಹತೀಜಾ ತಮ್ಮ ಮಕ್ಕಳನ್ನು ಮಣ್ಣು ಮಾಡಿದ್ದು 2010ರಲ್ಲಿ. ಅಂದರೆ ಹದಿನೈದು ವರ್ಷಗಳ ಮೇಲೆ!

ಅಷ್ಟು ಕಾಲ ಅವರೇನು ಮಾಡಿದರು? ಅದೇ ಊರಿಗೆ, ಅದೇ ಮನೆಗೆ ಮರಳಿದರು. ಸುತ್ತಲೂ ಸರ್ಬ ನೆರೆಹೊರೆಯವರಿದ್ದರು. ಇತರ ತಾಯಂದಿರನ್ನು ಕೂಡಿಸಿ ಸಂಘ ಕಟ್ಟಿದರು. ಕೇಳಿದ್ದು ಸೇಡನ್ನಲ್ಲ, ನ್ಯಾಯವನ್ನು. ಅಂತರರಾಷ್ಟ್ರೀಯ ನ್ಯಾಯಮಂಡಳಿ ಇದನ್ನು ಜನಾಂಗಹತ್ಯೆ ಎಂದು ತೀರ್ಮಾನಿಸಿತು. 2017ರಲ್ಲಿ ಮ್ಲಾದಿಚ್‌ಗೆ ಜೀವಾವಧಿ ಶಿಕ್ಷೆಯಾಯಿತು. ಮರುವರ್ಷ, 2018ರ ಜುಲೈನಲ್ಲಿ, ಹತೀಜಾ ತೀರಿಕೊಂಡರು. 2024ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಜುಲೈ 11ನ್ನು ಸ್ಮರಣೆಯ ದಿನವೆಂದು ಸಾರಿತು.

ಇದನ್ನು ಹೇಳಿದಾಗ ನನ್ನ ತರಗತಿಯ ಹುಡುಗನೊಬ್ಬ, "ಸಾರ್, ಹಾಗಾದರೆ ನಾವು ಅವರನ್ನು ದ್ವೇಷಿಸಬೇಕೇ?" ಎಂದು ಕೇಳಿದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮರುದಿನ ಹೇಳಿದೆ: "ಆ ತಾಯಿ ಕೊಂದವರ ಹೆಸರು ಹಿಡಿದು ನ್ಯಾಯ ಕೇಳಿದರು, ಒಂದು ಇಡೀ ಜನಾಂಗದ ಹೆಸರು ಹಿಡಿದಲ್ಲ. ಹೆಸರು ನೋಡಿ ಜನರನ್ನು ವಿಂಗಡಿಸಿದ್ದರಿಂದಲೇ ಆಕೆಯ ಮಕ್ಕಳು ಹೋದದ್ದು. ಅದೇ ಕೆಲಸವನ್ನು ನಾವೂ ಮಾಡಿದರೆ ಆಕೆಯಿಂದ ಕಲಿತದ್ದೇನು?"

ಪೊಟೊಚಾರಿಯ ಸ್ಮಾರಕದ ಕಲ್ಲಿನ ಮೇಲೆ 8372 ಎಂಬ ಸಂಖ್ಯೆ ಇದೆ. ದಿನವೂ ಹಾಜರಿ ಕೂಗುವಾಗ ನನಗೆ ಅದು ನೆನಪಾಗುತ್ತದೆ. ನೀವು "ಹಾಜರ್" ಎಂದು ಉತ್ತರಿಸುವುದು ಎಷ್ಟು ದೊಡ್ಡ ಭಾಗ್ಯವೆಂದು ನಿಮಗೆ ತಿಳಿದಿರಲಿ. ನಿಮ್ಮ ಪಕ್ಕದ ಬೆಂಚಿನವನ ಹೆಸರು ಯಾವುದೇ ಇರಲಿ, ಅವನೂ ನಾಳೆ ಹಾಜರಿರಬೇಕೆಂದು ಬಯಸಿರಿ.